ಗುಡ್ಡದ ಮಕ್ಕಳಿಗೆ ಕಸುಬು ಕಲಿಸುವ ಖರ್ಚು ಯಾರದು?

ಫೆಬ್ರುವರಿ ಕೊನೆಯ ವಾರ. ಸಕಲೇಶಪುರ, ಆಲೂರು ಸೀಮೆಯ ರೊಬಸ್ಟಾ ಕಾಫಿ ತೋಟಗಳಲ್ಲಿ ಗಿಡದ ಗಿಣ್ಣು ಗಿಣ್ಣಿಗೂ ಮೊಗ್ಗು ಕಟ್ಟಿ ನಿಂತಿದೆ. ಹೂಮಳೆ ಬಾರದಿದ್ದರೆ ಕೆರೆಗೋ ಹಳ್ಳಕ್ಕೋ ಮೋಟಾರು ಇಳಿಸಿ, ಪೈಪು ಜೋಡಿಸಿ, ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡಲೇಬೇಕು. ನೀರು ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ. ನೀರು ತಪ್ಪಿದರೆ ಆ ವರ್ಷದ ಫಸಲು ಅರ್ಧ ಹೋದಂತೆ.

ಮೋಟಾರು ಕೈಕೊಡುವುದೂ ಇದೇ ವಾರದಲ್ಲಿ. ವರ್ಷವಿಡೀ ಶೆಡ್ಡಿನಲ್ಲಿ ಮಲಗಿದ್ದ ಯಂತ್ರಕ್ಕೆ ಏಕಾಏಕಿ ಹಗಲೂ ರಾತ್ರಿ ಕೆಲಸ. ವೋಲ್ಟೇಜು ಏರಿಳಿಯುತ್ತದೆ, ವೈಂಡಿಂಗ್ ಸುಟ್ಟ ವಾಸನೆ ಬರುತ್ತದೆ. ಬೆಳೆಗಾರ ಮೆಕ್ಯಾನಿಕ್‌ಗೆ ಫೋನು ಹಚ್ಚುತ್ತಾನೆ. ಆ ಕಡೆಯಿಂದ ಉತ್ತರ: “ಗೌಡ್ರೆ, ಇವತ್ತು ಹೆತ್ತೂರು ಕಡೆ ಇದೀನಿ. ನಾಳೆ ಯಸಳೂರು. ಆಚೆ ನಾಡಿದ್ದು ನಿಮ್ಮಲ್ಲಿಗೇ ಬರ್ತೀನಿ.” ಬೆಳೆಗಾರನ ಮಾತು ಗಂಟಲಲ್ಲೇ ಉಳಿಯುತ್ತದೆ. “ಹಂಗಂದ್ರೆ ಹೆಂಗಪ್ಪ?” ಎನ್ನುವುದಕ್ಕೂ ಧೈರ್ಯವಿಲ್ಲ. ಅವನು ಬೇಸರ ಮಾಡಿಕೊಂಡರೆ ಕರೆಯಲು ಇನ್ನೊಬ್ಬನಿಲ್ಲ.

ಆ ಮೆಕ್ಯಾನಿಕ್ ಮಾಡುವ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಸುಟ್ಟ ತಂತಿಯನ್ನು ಕತ್ತರಿಸಿ ತೆಗೆಯುವ ಮೊದಲು ಒಂದೊಂದು ಸ್ಲಾಟಿನಲ್ಲಿ ಎಷ್ಟು ಸುತ್ತು, ತಂತಿ ಎಷ್ಟು ಗೇಜು, ಯಾವ ಕಾಯಿಲ್ ಎಲ್ಲಿಂದ ಎಲ್ಲಿಗೆ ಎಂದು ಎಣಿಸಿ ಬರೆದಿಟ್ಟುಕೊಳ್ಳುತ್ತಾನೆ. ಸ್ಲಾಟನ್ನು ಉಜ್ಜಿ ಶುಚಿ ಮಾಡಿ, ಇನ್ಸುಲೇಷನ್ ಕಾಗದ ಮಡಚಿ ಕೂರಿಸಿ, ಹೊಸ ತಾಮ್ರದ ತಂತಿಯನ್ನು ಒಂದೊಂದೇ ಎಳೆಯಾಗಿ ಒಳಗಿಳಿಸುತ್ತಾನೆ. ಎಣಿಕೆಯಲ್ಲಿ ತಪ್ಪಿದರೆ ಮೋಟಾರು ಬಿಸಿಯಾಗಿ ಮತ್ತೆ ಸುಡುತ್ತದೆ. ವಾರ್ನಿಷ್ ಹೊಡೆದು, ಒಣಗಿಸಿ, ಮೆಗ್ಗರ್ ಹಿಡಿದು ಪರೀಕ್ಷಿಸಿದ ಮೇಲೆಯೇ ಸ್ಟಾರ್ಟರ್ ಒತ್ತುವುದು. ಐಟಿಐ ಎಲೆಕ್ಟ್ರಿಷಿಯನ್ ಪಠ್ಯದಲ್ಲಿ ಈ ಕೆಲಸ ಇದೆ. ಆದರೆ ಈ ಸೀಮೆಯಲ್ಲಿ ಇದನ್ನು ಬಲ್ಲ ಎಷ್ಟೋ ಮಂದಿ ಐಟಿಐ ಮೆಟ್ಟಿಲು ಹತ್ತಿದವರಲ್ಲ. ಐಟಿಐ ಮುಗಿಸಿದ ಎಷ್ಟೋ ಮಂದಿ ಈ ಸೀಮೆಯಲ್ಲಿ ಉಳಿದವರಲ್ಲ.

ಸರ್ಕಾರ ತಾಂತ್ರಿಕ ಶಿಕ್ಷಣಕ್ಕೆ ಹಣ ಕೊಡುತ್ತಿಲ್ಲವೇ? ಕೊಡುತ್ತಿದೆ, ದೊಡ್ಡ ಮೊತ್ತವನ್ನೇ ಕೊಡುತ್ತಿದೆ. ಆ ಹಣ ಎಲ್ಲಿಂದ ಬಂದು ಯಾವುದಕ್ಕೆ ಹೋಗುತ್ತದೆ, ಗುಡ್ಡದ ಮನೆಯ ಹುಡುಗ ಹುಡುಗಿಗೆ ತಲುಪುವ ಹೊತ್ತಿಗೆ ಅದರಲ್ಲಿ ಏನು ಉಳಿದಿರುತ್ತದೆ ಎಂಬುದು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಅರ್ಧಂಬರ್ಧ ಗೊತ್ತು.

ಎಸ್ಸೆಸ್ಸೆಲ್ಸಿ ಆದ ಮೇಲೆ

ಹತ್ತನೇ ತರಗತಿ ಮುಗಿದ ಮೇಲೆ ಪಿಯುಸಿ ಬಿಟ್ಟರೆ ಎರಡು ದಾರಿಗಳಿವೆ. ಒಂದು, ಕೈಗಾರಿಕಾ ತರಬೇತಿ ಸಂಸ್ಥೆ, ಅಂದರೆ ಐಟಿಐ. ಎಲೆಕ್ಟ್ರಿಷಿಯನ್, ಫಿಟ್ಟರ್, ಮೋಟಾರು ವಾಹನ ಮೆಕ್ಯಾನಿಕ್ ಇವು ಎರಡು ವರ್ಷದವು. ವೆಲ್ಡರ್, ಕಂಪ್ಯೂಟರ್ ಆಪರೇಟರ್ ಒಂದು ವರ್ಷದವು. ಇನ್ನೊಂದು ದಾರಿ ಪಾಲಿಟೆಕ್ನಿಕ್, ಮೂರು ವರ್ಷದ ಡಿಪ್ಲೊಮಾ.

ಐಟಿಐಗೆ ಹೋದರೆ ಓದು ಅಲ್ಲಿಗೆ ಮುಗಿಯಿತು ಎಂದು ಎಷ್ಟೋ ಅಪ್ಪ ಅಮ್ಮಂದಿರು ತಿಳಿದಿದ್ದಾರೆ. ಅದು ನಿಜವಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಫಿಟ್ಟರ್ ಶೆಡ್ಡಿನಿಂದ ಎಂಜಿನಿಯರಿಂಗ್ ಪದವಿಯವರೆಗೆ ದಾರಿ ತೆರೆದೇ ಇದೆ. ಇದನ್ನು ಹೈಸ್ಕೂಲಿನಲ್ಲಿ ಕೂರಿಸಿ ಹೇಳುವವರು ಕಡಿಮೆ.

ಇನ್ನು ಹಣದ ಮಾತು. ಐಟಿಐಗಳಿಗೆ ಆಧಾರವಾದ ಕುಶಲಕರ್ಮಿ ತರಬೇತಿ ಯೋಜನೆಯನ್ನು ಕೇಂದ್ರ ಸರ್ಕಾರ ಶುರು ಮಾಡಿದ್ದು 1950ರಲ್ಲಿ. 1956ರಲ್ಲಿ ಸಂಸ್ಥೆಗಳ ದಿನದ ಆಡಳಿತ ರಾಜ್ಯಗಳ ಕೈಗೆ ಬಂತು. ಅಂದಿನಿಂದ ಲೆಕ್ಕ ಹೀಗೆ: ಏನು ಕಲಿಸಬೇಕು, ಪರೀಕ್ಷೆ ಹೇಗೆ, ಪ್ರಮಾಣಪತ್ರ ಯಾರದು ಎಂಬುದು ದೆಹಲಿಯದು. ಕಟ್ಟಡ, ಬೋಧಕರ ಸಂಬಳ, ಕರೆಂಟು ಬಿಲ್ಲು ರಾಜ್ಯದ್ದು. ಆಗಾಗ ಕೇಂದ್ರದಿಂದ ‘ಉನ್ನತೀಕರಣ’ದ ಹಣ ಬರುತ್ತದೆ. 2007–08ರಲ್ಲಿ ಹಾಗೆ ಬಂದ ಯೋಜನೆಯಲ್ಲಿ ದೇಶದ 1,396 ಸರ್ಕಾರಿ ಐಟಿಐಗಳಿಗೆ ತಲಾ 2.5 ಕೋಟಿ ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ ಕೊಡಲಾಯಿತು.

ಸರ್ಕಾರಿ ಐಟಿಐಯಲ್ಲಿ ಶುಲ್ಕ ಅತ್ಯಲ್ಪ. ಮನೆಯವರಿಗೆ ಭಾರವಾಗುವುದು ಶುಲ್ಕವಲ್ಲ, ಬೇರೆ ಖರ್ಚುಗಳು.

ಬಯಲಿನ ಕಾರ್ಖಾನೆಗೆ ಬರೆದ ಪಠ್ಯ

ಮೈಸೂರು ಸಂಸ್ಥಾನಕ್ಕೆ ತಾಂತ್ರಿಕ ಶಿಕ್ಷಣದ ಹಂಬಲ ಹಳೆಯದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಹುಟ್ಟಿತು. ಅವರದೇ ಒತ್ತಾಸೆಯಿಂದ 1943ರಲ್ಲಿ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಬಂತು. ಇಂದು ಬೆಂಗಳೂರಿನವರು ಎಸ್‌ಜೆಪಿ ಎನ್ನುವ ಪಾಲಿಟೆಕ್ನಿಕ್ ಅದೇ. ಆಮೇಲೆ ಸಾರ್ವಜನಿಕ ಉದ್ದಿಮೆಗಳ ಕಾಲ. 1940ರ ಎಚ್‌ಎಎಲ್ ಮೊದಲೇ ಇತ್ತು. 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಸೇರಿಕೊಂಡವು. ಅವಕ್ಕೆ ಬೇಕಾಗಿದ್ದವರು ಫಿಟ್ಟರ್, ಟರ್ನರ್, ಮೆಷಿನಿಸ್ಟ್. ಐಟಿಐಗಳು ಕಲಿಸಿದ್ದೂ ಅದನ್ನೇ. ಹಾಸನ, ಮಂಡ್ಯ, ತುಮಕೂರಿನ ರೈತರ ಮಕ್ಕಳು ಸಾವಿರಗಟ್ಟಲೆ ಆ ಕಾರ್ಖಾನೆಗಳ ಗೇಟು ದಾಟಿದರು. ಅವರ ಮನೆಗಳು ಎದ್ದು ನಿಂತವು. ಈ ಋಣವನ್ನು ಮರೆಯಬಾರದು.

ಹಾಸನಕ್ಕೂ ಪಾಲು ಸಿಕ್ಕಿತು. 1960ರಲ್ಲಿ ಕೇಂದ್ರ, ರಾಜ್ಯ ಮತ್ತು ಊರಿನವರೇ ಕಟ್ಟಿದ ಮಲೆನಾಡು ತಾಂತ್ರಿಕ ಶಿಕ್ಷಣ ಸೊಸೈಟಿ ಸೇರಿ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜು ತೆರೆದವು. ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ಪಾಲಿಟೆಕ್ನಿಕ್, ಮಹಿಳಾ ಪಾಲಿಟೆಕ್ನಿಕ್, ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಇವೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಈ ಟೂಲ್ ರೂಮ್‌ನಲ್ಲಿ ಕಲಿತವರನ್ನು ಕಂಪನಿಗಳು ಹುಡುಕಿಕೊಂಡು ಬರುತ್ತವೆ.

ಆದರೆ ಹೆಸರಿನಲ್ಲಿ ಮಲೆನಾಡು ಇದ್ದರೂ ಈ ಸಂಸ್ಥೆಗಳಿರುವುದು ಬಯಲಿನ ಊರಿನಲ್ಲಿ, ಕಲಿಸುವುದು ಕಾರ್ಖಾನೆಯ ಕೆಲಸವನ್ನು. ಹೆತ್ತೂರು, ಹಾನುಬಾಳು, ಯಸಳೂರು, ಕೆಂಚಮ್ಮನ ಹೊಸಕೋಟೆ ಕಡೆಯ ಹುಡುಗ ಚೆನ್ನಾಗಿ ಕಲಿತನೆಂದರೆ ಊರು ಬಿಡುತ್ತಾನೆ ಎಂದೇ ಅರ್ಥ. ಹೋಗುವುದು ತಪ್ಪಲ್ಲ. ಅವನಿಗೆ ಉಳಿಯುವ ಆಯ್ಕೆಯನ್ನೇ ನಾವು ಕೊಟ್ಟಿಲ್ಲ, ತಪ್ಪು ಅಲ್ಲಿದೆ.

ಪಲ್ಪರ್ ಕಲಿಸುವವರು ಯಾರು?

ಹೊರಗಿನವರ ಕಣ್ಣಿಗೆ ಕಾಫಿ ತೋಟ ಎಂದರೆ ಹಣ್ಣು ಬಿಡಿಸುವ ಕೆಲಸ. ಒಳಗೆ ಹೊಕ್ಕು ನೋಡಿದರೆ ಅದು ಯಂತ್ರಗಳ, ಲೆಕ್ಕಗಳ ಲೋಕ. ಮೋಟಾರು, ಡೀಸೆಲ್ ಎಂಜಿನ್, ಸ್ಪ್ರಿಂಕ್ಲರ್ ಜೆಟ್, ಪವರ್ ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ, ಗುಂಡಿ ತೆಗೆಯುವ ಯಂತ್ರ, ಪಲ್ಪರ್, ಡ್ರೈಯರ್. ತೋಟದ ಆಳು ಸಿಗುವುದು ಕಷ್ಟವಾಗಿ, ಅಸ್ಸಾಂನಿಂದ ಬಂದವರನ್ನು ನೆಚ್ಚಿಕೊಂಡಿರುವ ಈ ಕಾಲದಲ್ಲಿ ಯಂತ್ರಗಳು ಇನ್ನೂ ಹೆಚ್ಚುತ್ತಿವೆ.

ಪಲ್ಪರನ್ನೇ ನೋಡಿ. ಬೆಳಗ್ಗೆಯಿಂದ ಬಿಡಿಸಿದ ಹಣ್ಣನ್ನು ಅದೇ ದಿನ ಸಂಜೆ ಪಲ್ಪರಿಗೆ ಹಾಕಬೇಕು. ಒಳಗೆ ತಿರುಗುವ ಡ್ರಮ್ಮಿಗೂ ಎದುರಿನ ಪಟ್ಟಿಗೂ ನಡುವೆ ಇರುವ ಸಂದಿಯಲ್ಲಿದೆ ಇಡೀ ವಿದ್ಯೆ. ಸಂದಿ ಬಿಗಿಯಾದರೆ ಬೀಜಕ್ಕೆ ಗಾಯವಾಗುತ್ತದೆ. ಗಾಯವಾದ ಬೀಜ ಹುಳಿತು, ಕಪ್ಪಾಗಿ, ಗ್ರೇಡಿಂಗ್‌ನಲ್ಲಿ ಕೆಳಗಿಳಿಯುತ್ತದೆ. ಸಡಿಲವಾದರೆ ಸಿಪ್ಪೆಯೂ ಬೀಜದ ಜೊತೆ ಬರುತ್ತದೆ, ಕೆಲವು ಹಣ್ಣು ಹಾಗೇ ಇಡಿಯಾಗಿ ಜಾರುತ್ತವೆ. ಮೊದಲ ಕೊಯ್ಲಿನ ಹಣ್ಣಿನ ಗಾತ್ರವೇ ಬೇರೆ, ಕೊನೆಯ ಕೊಯ್ಲಿನದೇ ಬೇರೆ. ಅರೇಬಿಕಾ, ರೊಬಸ್ಟಾ ಒಂದೇ ಅಳತೆಗೆ ಬರುವುದಿಲ್ಲ. ಹಾಗಾಗಿ ಬಲ್ಲವನು ಪಲ್ಪರಿನ ಬಾಯಿಗೆ ಕೈಯೊಡ್ಡಿ, ಹೊರಬಂದ ಬೀಜವನ್ನು ಬೆರಳಲ್ಲಿ ಉಜ್ಜಿ ನೋಡಿ, ಬೋಲ್ಟನ್ನು ಒಂದಿಷ್ಟೇ ತಿರುಗಿಸುತ್ತಾನೆ. ಆಮೇಲೆ ಲೋಳೆ ತೆಗೆಯುವುದು, ತೊಳೆಯುವುದು, ಕಣದಲ್ಲಿ ಹರಡಿ ತೇವ ಸರಿಯಾಗಿ ಇಳಿಯುವವರೆಗೆ ಒಣಗಿಸುವುದು. ತೊಳೆದ ನೀರನ್ನು ಹಾಗೇ ಹಳ್ಳಕ್ಕೆ ಬಿಟ್ಟರೆ ಅದು ಹೇಮಾವತಿಗೆ ಹೋಗಿ ಕೆಳಗಿನ ಊರುಗಳ ಕುಡಿಯುವ ನೀರನ್ನು ಕೆಡಿಸುತ್ತದೆ. ಅದನ್ನು ತಡೆದು ಶುದ್ಧಿ ಮಾಡುವುದೂ ಒಂದು ತಂತ್ರವಿದ್ಯೆ.

ಇದನ್ನು ಹದಿನಾರರ ಹುಡುಗನಿಗೆ ಕಲಿಸುವ ಸರ್ಕಾರಿ ತರಗತಿ ಎಲ್ಲಿದೆ?

ಸಂಶೋಧನೆಗೆ ಕೊರತೆಯಿಲ್ಲ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಮೂಲ 1925ರಷ್ಟು ಹಿಂದಿನದು. ಸಕಲೇಶಪುರದ ಮಗ್ಗುಲಿನ ದೋಣಿಗಾಲ್‌ನಲ್ಲೇ ಸಾಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಕಾಫಿ ಮಂಡಳಿ ಕಾಫಿ ಗುಣಮಟ್ಟದ ನಿರ್ವಹಣೆ ಕುರಿತು ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಬೆಂಗಳೂರಿನಲ್ಲಿ ‘ಕಾಪಿ ಶಾಸ್ತ್ರ’ ಎಂಬ ಕಿರು ತರಬೇತಿಯನ್ನೂ ಕೊಡುತ್ತದೆ. ಮೇಲ್ತುದಿಯಲ್ಲಿ ಪದವಿ ಓದಿದವರಿಗೆ ಪಾಠವಿದೆ, ಕೆಳತುದಿಯಲ್ಲಿ ಬೆಳೆಗಾರರಿಗೆ ಒಂದೆರಡು ದಿನದ ಶಿಬಿರವಿದೆ. ನಡುವೆ, ಎಸ್ಸೆಸ್ಸೆಲ್ಸಿ ಆದ ಮೇಲೆ ಒಂದೋ ಎರಡೋ ವರ್ಷ ಕೂತು ಕಲಿತು ಪ್ರಮಾಣಪತ್ರ ಪಡೆಯುವ ಜಾಗ ಖಾಲಿ.

ಪಠ್ಯದ ಪಟ್ಟಿಯಲ್ಲಿ ಅವಕಾಶ ಇಲ್ಲವೆಂದಲ್ಲ. ಐಟಿಐಗಳಿಗೆ ಕೇಂದ್ರ ಒಪ್ಪಿಗೆ ಕೊಟ್ಟ ನೂರಕ್ಕೂ ಹೆಚ್ಚು ಟ್ರೇಡ್‌ಗಳಲ್ಲಿ ಕೃಷಿ ಯಂತ್ರೋಪಕರಣ ಮೆಕ್ಯಾನಿಕ್ ಇದೆ, ಡೀಸೆಲ್ ಮೆಕ್ಯಾನಿಕ್ ಇದೆ, ತೋಟಗಾರಿಕೆ ಇದೆ, ಆಹಾರ ಸಂಸ್ಕರಣೆಗೆ ಸೇರಿದವು ಇವೆ. ಯಾವ ಊರಿನ ಐಟಿಐಗೆ ಯಾವ ಟ್ರೇಡ್ ಎಂದು ತೀರ್ಮಾನಿಸುವಾಗ ಊರಿನ ಕಸುಬನ್ನು ನೋಡುವ ರೂಢಿ ಬೆಳೆದಿಲ್ಲ, ಅಷ್ಟೆ. ಇಂಥ ಘಟಕಕ್ಕೆ ಬೇಕಾಗುವುದು 20ರಷ್ಟು ವಿದ್ಯಾರ್ಥಿಗಳು, ಒಂದು ವರ್ಕ್‌ಶಾಪು, ಇಬ್ಬರು ಬೋಧಕರು.

ಕಲಿಯದಿದ್ದರೆ ಆಗುವ ನಷ್ಟ ಹಣದ್ದಷ್ಟೇ ಅಲ್ಲ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಮೇಲೆ ಹಾದ ವಿದ್ಯುತ್ ತಂತಿಗೆ ತಾಗಿ ಜೀವ ಹೋದ ಸುದ್ದಿ ಕಾಫಿ ಸೀಮೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮರಕಸಿ ಮಾಡುವಾಗ ಕೊಂಬೆ ಸಮೇತ ಕೆಳಗೆ ಬಿದ್ದು ನಡ ಮುರಿದುಕೊಂಡವರು ಈ ಸೀಮೆಯ ಊರೂರಲ್ಲಿದ್ದಾರೆ. ಹಗ್ಗ ಹೇಗೆ ಕಟ್ಟಬೇಕು, ತಂತಿ ಇರುವ ಕಡೆ ಯಾವ ಏಣಿ ಇಡಬೇಕು ಎಂಬುದನ್ನು ಕಲಿಸಬಹುದು. ಕಲಿಸದೆ ಬಿಟ್ಟಿದ್ದೇವೆ ಎಂಬುದು ನನಗೆ ಸಿಟ್ಟು ತರಿಸುವ ಸಂಗತಿ.

ಬಸ್ಸು, ಹಾಸ್ಟೆಲು, ಆನೆ

ಶುಲ್ಕ ಭಾರವಲ್ಲ ಎಂದೆ. ಭಾರ ಯಾವುದು ಎಂದು ಗುಡ್ಡದ ಮನೆಯ ಲೆಕ್ಕದಲ್ಲಿ ನೋಡೋಣ. ಯಸಳೂರು ಹೋಬಳಿಯ ಒಳಗಿನ ಹಳ್ಳಿಯಿಂದ ಸಕಲೇಶಪುರಕ್ಕೆ, ಅಲ್ಲಿಂದ ಹಾಸನಕ್ಕೆ ಮತ್ತೆ 40 ಕಿಲೋಮೀಟರ್. ಬೆಳಗಿನ ಬಸ್ಸು ತಪ್ಪಿದರೆ ಆ ದಿನದ ಪ್ರಾಕ್ಟಿಕಲ್ ಹೋಯಿತು. ಮಳೆಗಾಲದಲ್ಲಿ ಮರ ಉರುಳಿ ರಸ್ತೆ ಮುಚ್ಚುತ್ತದೆ, ಗುಡ್ಡ ಜರಿದರೆ ದಾರಿಯೇ ಇರುವುದಿಲ್ಲ. ಕಸುಬಿನ ಪಾಠಕ್ಕೆ ಹಾಜರಾತಿ ಎಂದರೆ ಕೈಗೆ ಕೆಲಸ. ಸ್ನೇಹಿತನ ನೋಟ್ಸು ಬರೆದುಕೊಂಡರೆ ವೆಲ್ಡಿಂಗ್ ಬರುವುದಿಲ್ಲ.

ಇದರ ಮೇಲೆ ಆನೆ. ಸಕಲೇಶಪುರ, ಆಲೂರು ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆಗಳು ಹಲವು ವರ್ಷಗಳಿಂದ ಬೀಡುಬಿಟ್ಟಿವೆ. ಹಿಂಡು ಎಲ್ಲಿದೆ ಎಂದು ಮೊಬೈಲಿಗೆ ಬರುವ ಸಂದೇಶ ನೋಡಿಕೊಂಡು ಜನ ಮನೆಯಿಂದ ಹೊರಡುತ್ತಾರೆ. ಬೆಳಕು ಹರಿಯುವ ಮುನ್ನ ಬಸ್ ಸ್ಟಾಪಿಗೆ ನಡೆದುಹೋಗು ಎಂದು ಮಗಳಿಗೆ ಯಾವ ತಾಯಿ ಹೇಳುತ್ತಾಳೆ? ಅವಳು ಓದು ನಿಲ್ಲಿಸಿದರೆ ಅದು ದಾಖಲೆಯಲ್ಲಿ ‘ಆಸಕ್ತಿಯ ಕೊರತೆ’ ಎಂದೇ ಕಾಣುತ್ತದೆ.

2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ಇಲ್ಲವಾಯಿತು. ಹಾಸನದ ಮಹಿಳಾ ಪಾಲಿಟೆಕ್ನಿಕ್ಕಿಗೆ ಓಡಾಡುವವರಿಗೆ ಇದು ದೊಡ್ಡ ಸಹಾಯ. ತಾಂತ್ರಿಕ ಶಿಕ್ಷಣದ ಹೆಸರಿಲ್ಲದಿದ್ದರೂ ಇದು ತಾಂತ್ರಿಕ ಶಿಕ್ಷಣಕ್ಕೆ ಸಿಕ್ಕ ಬೆಂಬಲವೇ. ಆದರೆ ಉಚಿತ ಟಿಕೆಟ್ ಇದ್ದೂ ಬಸ್ಸೇ ಇಲ್ಲದ ಹಳ್ಳಿಗೆ ಅದರಿಂದ ಏನೂ ಸಿಗುವುದಿಲ್ಲ.

ದೂರದ ಮಕ್ಕಳಿಗೆ ನಿಜವಾದ ಉತ್ತರ ಹಾಸ್ಟೆಲು. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲುಗಳು ಇವೆ. ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆಂದು ವರ್ಷಕ್ಕೆ 10 ತಿಂಗಳು ಸಹಾಯ ಸಿಗುತ್ತದೆ. ತೋಟ ಕಾರ್ಮಿಕರ ಮಕ್ಕಳಿಗೆ ಕಾಫಿ ಮಂಡಳಿಯೂ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ಲೈನ್ ಮನೆಯಲ್ಲಿರುವ ಕುಟುಂಬಕ್ಕೆ ಇದು ತಿಳಿಯುವುದು ತೋಟದ ರೈಟರ್ ಅಥವಾ ಮಾಲೀಕರು ಹೇಳಿದರೆ ಮಾತ್ರ. ದಯವಿಟ್ಟು ಹೇಳಿ.

ಅಪ್ರೆಂಟಿಸ್: ಕೆಲಸದ ಜಾಗವೇ ಶಾಲೆ

ಕಸುಬು ಕಲಿಯುವುದು ಕೆಲಸದ ಜಾಗದಲ್ಲಿ. ಜರ್ಮನಿಯ ಹೆಸರು ಈ ವಿಷಯದಲ್ಲಿ ಮತ್ತೆ ಮತ್ತೆ ಕೇಳಿಬರಲು ಕಾರಣವಿದೆ. ಅಲ್ಲಿ ಹುಡುಗರು ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲಿ, ಉಳಿದ ಒಂದೆರಡು ದಿನ ಶಾಲೆಯಲ್ಲಿ ಕಲಿಯುತ್ತಾರೆ. ಇದಕ್ಕೆ 1969ರಲ್ಲೇ ಕಾನೂನಿನ ಚೌಕಟ್ಟು ಸಿಕ್ಕಿತು.

ನಮ್ಮ ಅಪ್ರೆಂಟಿಸ್ ಕಾಯ್ದೆ ಅದಕ್ಕಿಂತ ಹಳೆಯದು, 1961ರದು. ಈಗಿನ ನಿಯಮದಂತೆ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನ ಇರುವಲ್ಲಿ ಅದು ಅವರ ಇಚ್ಛೆ. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ.

ಇದನ್ನು ಸಕಲೇಶಪುರದ ಪೇಟೆಗೆ ತಂದು ನೋಡಿ. ಬಿ.ಎಂ. ರಸ್ತೆಯ ಬದಿಯ ಗ್ಯಾರೇಜಿನಲ್ಲಿ ಮೇಸ್ತ್ರಿ ಒಬ್ಬ, ಹುಡುಗರು ಇಬ್ಬರು. ವೈಂಡಿಂಗ್ ಅಂಗಡಿಯಲ್ಲೂ ಅಷ್ಟೆ. ನಾಲ್ಕು ಜನರಿಲ್ಲದ ಅಂಗಡಿ ಈ ಲೆಕ್ಕದೊಳಗೆ ಬರುವುದೇ ಇಲ್ಲ. ಈ ಗುಡ್ಡಗಳಲ್ಲಿ ಕಸುಬು ಹೆಚ್ಚಾಗಿ ಕಲಿಸುತ್ತಿರುವುದು ಇಂಥ ಅಂಗಡಿಗಳೇ. ದೇಶದ ಕಾಫಿ ಬೆಳೆಗಾರರಲ್ಲಿ ಶೇ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಕಡಿಮೆ ಜಮೀನಿನ ಸಣ್ಣ ಹಿಡುವಳಿದಾರರು. ಅವರ ತೋಟಗಳೂ ಒಂದೊಂದಾಗಿ ಅಪ್ರೆಂಟಿಸ್ ಇಟ್ಟುಕೊಳ್ಳುವಷ್ಟು ದೊಡ್ಡವಲ್ಲ. ನಾಲ್ಕಾರು ಅಂಗಡಿಗಳು ಅಥವಾ ಬೆಳೆಗಾರರ ಸಂಘ ಸೇರಿ ಒಟ್ಟಾಗಿ ಅಪ್ರೆಂಟಿಸ್‌ಗಳನ್ನು ತೆಗೆದುಕೊಂಡು, ಹುಡುಗ ಮೂರು ತಿಂಗಳು ಒಂದು ಕಡೆ ಮೂರು ತಿಂಗಳು ಇನ್ನೊಂದು ಕಡೆ ಕಲಿಯುವ ವ್ಯವಸ್ಥೆಗೆ ಸರ್ಕಾರ ದಾರಿ ಮಾಡಿಕೊಡಬೇಕು.

ಕಾಯ್ದೆ ಬದಲಾಗುವವರೆಗೆ ಕಾಯಬೇಕಿಲ್ಲ. ಪರಿಷ್ಕೃತ ಐಟಿಐ ಪಠ್ಯದಲ್ಲಿ ವರ್ಷಕ್ಕೆ 150 ಗಂಟೆ ಹತ್ತಿರದ ಉದ್ಯಮದಲ್ಲಿ ಕೆಲಸ ಕಲಿಯುವುದು ಕಡ್ಡಾಯ. ಹತ್ತಿರದಲ್ಲಿ ಉದ್ಯಮ ಸಿಗದಿದ್ದರೆ ಮಾತ್ರ ಗುಂಪಾಗಿ ಪ್ರಾಜೆಕ್ಟ್ ಮಾಡಬಹುದು. ಕಾಫಿ ಪಲ್ಪಿಂಗ್ ಘಟಕ, ಕ್ಯೂರಿಂಗ್ ವರ್ಕ್ಸ್, ಸ್ಪ್ರಿಂಕ್ಲರ್ ಹಾಕಿಸಿದ ತೋಟ ಇವೆಲ್ಲ ಉದ್ಯಮವಲ್ಲದೆ ಮತ್ತೇನು? ಜನವರಿಯಿಂದ ಮಾರ್ಚ್‌ವರೆಗಿನ ಹಂಗಾಮಿಗೆ ಆ 150 ಗಂಟೆಯನ್ನು ಹೊಂದಿಸಿದರೆ ಎಲೆಕ್ಟ್ರಿಷಿಯನ್ ವಿದ್ಯಾರ್ಥಿಯ ಕೈಗೆ ನಿಜವಾದ ಮೋಟಾರು ಸಿಗುತ್ತದೆ. ಪ್ರಾಂಶುಪಾಲರು, ಬೆಳೆಗಾರರ ಸಂಘದವರು ಎದುರುಬದುರು ಕೂತು ಮಾತಾಡಿದರೆ ಸಾಕಾಗುವ ಕೆಲಸ ಇದು.

ಕಲಿತವನ ಕೈಗೊಂದು ಕಾಗದ

ಇಪ್ಪತ್ತು ವರ್ಷ ಮೋಟಾರು ಕಟ್ಟಿದವನ ಕೈಯಲ್ಲಿ ಪ್ರಮಾಣಪತ್ರವಿಲ್ಲ. ಬ್ಯಾಂಕಿನವರು ಸಾಲ ಕೊಡುವಾಗ, ಸರ್ಕಾರಿ ಕೆಲಸದ ಗುತ್ತಿಗೆ ಕೇಳುವಾಗ ಅವನು ‘ಅಕುಶಲ’. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಮೊದಲೇ ಕಲಿತದ್ದನ್ನು ಪರೀಕ್ಷಿಸಿ ಮಾನ್ಯ ಮಾಡುವ ಭಾಗವೊಂದಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳಿಗೆ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿ ಸಾಲ ಕೊಡುತ್ತದೆ. ಕತ್ತಿ, ಗುದ್ದಲಿ ಮಾಡುವ ಕಮ್ಮಾರರಿಗೆ, ಬಡಗಿ, ಗಾರೆ ಕೆಲಸದವರಿಗೆ, ದರ್ಜಿಗಳಿಗೆ ಅದು ಒದಗುತ್ತದೆ. ಮೋಟಾರು ರಿಪೇರಿಯವರು, ಪಲ್ಪರ್ ಬಲ್ಲವರು ಆ 18ರೊಳಗಿಲ್ಲ.

ಶಿರಾಡಿ ಘಾಟಿ ಇಳಿದರೆ ಸಿಗುವ ಉಜಿರೆಯಲ್ಲಿ ಒಂದು ಒಳ್ಳೆಯ ಮಾದರಿ ಇದೆ. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಕಟ್ಟಿದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಸಮೇತ ಉಚಿತವಾಗಿ ಕಸುಬು ಕಲಿಸಿ, ಸ್ವಂತ ಅಂಗಡಿ ಇಡಲು ಸಾಲದ ದಾರಿಯನ್ನೂ ತೋರಿಸಿತು. ಅದನ್ನೇ ನೋಡಿ ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಗೂ ಬ್ಯಾಂಕುಗಳ ಮೂಲಕ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ತಂದಿತು. ಅಲ್ಲಿ ಊಟ ವಸತಿ ಮೊದಲು, ಪಾಠ ಆಮೇಲೆ. ಗುಡ್ಡದ ಮಕ್ಕಳಿಗೆ ಬೇಕಾದ ಕ್ರಮವೂ ಇದೇ.

ದೊಡ್ಡ ಹಣ ಮತ್ತು ಮೇಷ್ಟ್ರ ಸಂಬಳ

2022ರ ಜೂನ್ 20ರಂದು ಪ್ರಧಾನಿ ಬೆಂಗಳೂರಿನಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳ ಉನ್ನತೀಕರಣವನ್ನು ಲೋಕಾರ್ಪಣೆ ಮಾಡಿದರು. ಟಾಟಾ ಟೆಕ್ನಾಲಜೀಸ್ ಪಾಲುದಾರಿಕೆಯ ಆ ಯೋಜನೆಯ ಮೊತ್ತ ಸುಮಾರು 4,600 ಕೋಟಿ ರೂಪಾಯಿ. ರೋಬಾಟಿಕ್ಸ್, ಸಿಎನ್‌ಸಿ ಯಂತ್ರ, ವಿದ್ಯುತ್ ವಾಹನ ಇವುಗಳ ಪಾಠ ತಾಲ್ಲೂಕಿನ ಮಕ್ಕಳಿಗೂ ಸಿಗಲಿ ಎಂಬುದು ಒಳ್ಳೆಯ ಉದ್ದೇಶವೇ. 2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಇನ್ನೂ ದೊಡ್ಡ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಐದು ವರ್ಷದಲ್ಲಿ 60,000 ಕೋಟಿ ರೂಪಾಯಿ, ದೇಶದ 1,000 ಸರ್ಕಾರಿ ಐಟಿಐಗಳಿಗೆ. ಅದರಲ್ಲಿ ಕೇಂದ್ರದ ಪಾಲು 30,000 ಕೋಟಿ, ರಾಜ್ಯಗಳದ್ದು 20,000 ಕೋಟಿ, ಉದ್ಯಮದ್ದು 10,000 ಕೋಟಿ. ಮುಖ್ಯ ಸಂಸ್ಥೆಗಳು 200, ಅವುಗಳಿಗೆ ಅಂಟಿಕೊಂಡ ಸಂಸ್ಥೆಗಳು 800.

ಯಂತ್ರ ಕೊಳ್ಳುವುದು ಒಮ್ಮೆ ಮಾಡುವ ಖರ್ಚು. ಫೋಟೊ ಬರುತ್ತದೆ, ಫಲಕ ನಿಲ್ಲುತ್ತದೆ. ಬೋಧಕನ ಸಂಬಳ ತಿಂಗಳು ತಿಂಗಳು ಕೊಡಬೇಕಾದ ಖರ್ಚು. ಹೀಗಾಗಿ ಹೊಸ ಲ್ಯಾಬ್ ಬರುವ ಹೊತ್ತಿಗೆ ಕಾಯಂ ಬೋಧಕರ ಹುದ್ದೆ ಖಾಲಿ ಉಳಿದು, ಪಾಠವೆಲ್ಲ ಅತಿಥಿ ಬೋಧಕರ ಹೆಗಲಿಗೆ ಬೀಳುತ್ತದೆ. ಮಳೆ ಜಾಸ್ತಿಯಿರುವ, ಬಾಡಿಗೆ ಮನೆ ಸಿಗದ ಗುಡ್ಡದ ತಾಲ್ಲೂಕಿಗೆ ವರ್ಗವಾಗಿ ಬಂದವರು ಬಯಲಿನ ಕಡೆಗೆ ವರ್ಗ ಕೇಳುವುದೂ ಸಹಜ. ಕಲಿಸುವ ಕೈ ಇಲ್ಲದಿದ್ದರೆ ಕೋಟಿ ಬೆಲೆಯ ಯಂತ್ರಕ್ಕೂ ಮುಸುಕು ಬೀಳುತ್ತದೆ.

ಈ ಮಾತಿಗೆ ದೂರದ ಒಂದು ಸಾಕ್ಷಿ ಇದೆ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಹುಟ್ಟಿದ 1917ರಲ್ಲೇ ಅಮೆರಿಕದ ಸಂಸತ್ತು ಸ್ಮಿತ್–ಹ್ಯೂಸ್ ಕಾಯ್ದೆ ಮಾಡಿ, ಹೈಸ್ಕೂಲು ಮಟ್ಟದ ವೃತ್ತಿಶಿಕ್ಷಣಕ್ಕೆ ಕೇಂದ್ರದ ಹಣ ಕೊಡತೊಡಗಿತು. ಆ ಹಣ ಮುಖ್ಯವಾಗಿ ಹೋದದ್ದು ಕೃಷಿ, ಕೈಕಸುಬು, ಗೃಹವಿಜ್ಞಾನ ಕಲಿಸುವ ಶಿಕ್ಷಕರ ಸಂಬಳಕ್ಕೆ ಮತ್ತು ಅವರ ತರಬೇತಿಗೆ. ಕೃಷಿ ಓದುವ ವಿದ್ಯಾರ್ಥಿ ವರ್ಷಕ್ಕೆ ಕನಿಷ್ಠ ಆರು ತಿಂಗಳು ಹೊಲದಲ್ಲಿ ಮೇಲ್ವಿಚಾರಣೆಯಡಿ ದುಡಿದು ಕಲಿಯಬೇಕೆಂಬ ಷರತ್ತೂ ಅದರಲ್ಲಿತ್ತು. ನೂರು ವರ್ಷದ ಹಿಂದಿನ ಆ ಎರಡು ತೀರ್ಮಾನ, ಮೇಷ್ಟ್ರಿಗೆ ಸಂಬಳ, ಹೊಲದಲ್ಲಿ ಪಾಠ, ಇವತ್ತು ನಮ್ಮ ಗುಡ್ಡಗಳಿಗೆ ಬೇಕಾಗಿರುವುದು.

ನಮ್ಮಲ್ಲಿ ನಿಲ್ಲದೆ ಹೋದ ಪ್ರಯತ್ನವೂ ಒಂದಿದೆ. 1970ರ ದಶಕದ ಕೊನೆಯಲ್ಲಿ ಪಿಯು ಕಾಲೇಜುಗಳಲ್ಲಿ ಶುರುವಾದ ಜೆಒಸಿ, ಅಂದರೆ ಉದ್ಯೋಗಾಧಾರಿತ ಕೋರ್ಸುಗಳು ಹಲವು ವರ್ಷ ನಡೆದವು. ಬಹುಪಾಲು ಅರೆಕಾಲಿಕ ಉಪನ್ಯಾಸಕರನ್ನು ನೆಚ್ಚಿಕೊಂಡೇ ನಡೆದವು. ಕೊನೆಗೆ ಕೋರ್ಸುಗಳು ಮುಚ್ಚಿ, ಆ ಉಪನ್ಯಾಸಕರನ್ನು ಬೇರೆ ಇಲಾಖೆಗಳ ಹುದ್ದೆಗೆ ಸೇರಿಸಿಕೊಳ್ಳಬೇಕಾಯಿತು. ಕಲಿಸುವವರಿಗೆ ಭದ್ರತೆ ಇಲ್ಲದ ಕಡೆ ಕೋರ್ಸು ಬೇರೂರುವುದಿಲ್ಲ.

ಕೆಡಿಪಿ ಸಭೆಯಲ್ಲಿ ಕೇಳಿ

ತಾಲ್ಲೂಕು ಮಟ್ಟದ ಕೆಡಿಪಿ ಸಭೆಯಲ್ಲಿ ಶಾಸಕರ ಮುಂದೆ ಎಲ್ಲ ಇಲಾಖೆಗಳ ಪ್ರಗತಿ ಓದುತ್ತಾರೆ. ಆನೆ, ರಸ್ತೆ, ಎತ್ತಿನಹೊಳೆ ಕಾಮಗಾರಿ, ಬೆಳೆ ಪರಿಹಾರ ಇವುಗಳ ಮೇಲೆ ಬಿಸಿ ಚರ್ಚೆಯಾಗುತ್ತದೆ, ಆಗಲೇಬೇಕು. ಆ ಪಟ್ಟಿಗೆ ನಾಲ್ಕು ಪ್ರಶ್ನೆ ಸೇರಲಿ. ನಮ್ಮ ಐಟಿಐಯಲ್ಲಿ ಮಂಜೂರಾದ ಬೋಧಕರ ಹುದ್ದೆ ಎಷ್ಟು, ತುಂಬಿದ್ದು ಎಷ್ಟು? ಕೃಷಿ ಯಂತ್ರೋಪಕರಣ ಮೆಕ್ಯಾನಿಕ್ ಟ್ರೇಡ್ ಕೇಳಿ ಪ್ರಸ್ತಾವ ಹೋಗಿದೆಯೇ? ಹೆತ್ತೂರು, ಯಸಳೂರು ಕಡೆಯ ಬೆಳಗಿನ ಬಸ್ಸು ತರಗತಿ ಹೊತ್ತಿಗೆ ಹೊಂದುತ್ತದೆಯೇ? ಮೆಟ್ರಿಕ್ ನಂತರದ ಹಾಸ್ಟೆಲಿನಲ್ಲಿ ಐಟಿಐ ಮಕ್ಕಳಿಗೆ ಎಷ್ಟು ಸೀಟು ಸಿಕ್ಕಿತು?

ಬೆಳೆಗಾರರ ಸಂಘಗಳಿಗೂ ಒಂದು ಮಾತು. ಮುಂದಿನ ಹಂಗಾಮಿಗೆ ತಲಾ ಇಬ್ಬರು ಐಟಿಐ ವಿದ್ಯಾರ್ಥಿಗಳನ್ನು ನಿಮ್ಮ ಪಲ್ಪಿಂಗ್ ಶೆಡ್ಡಿಗೆ, ಪಂಪ್‌ಹೌಸಿಗೆ ಕಲಿಯಲು ಕರೆಸಿಕೊಳ್ಳುತ್ತೇವೆ ಎಂದು ಪ್ರಾಂಶುಪಾಲರಿಗೆ ಈಗಲೇ ಒಂದು ಪತ್ರ ಬರೆಯಿರಿ. ಇನ್ನು ಮನೆಯಲ್ಲಿ ಹತ್ತನೇ ತರಗತಿಯ ಮಗುವಿರುವವರು, ಫಲಿತಾಂಶ ಬಂದ ಕೂಡಲೇ ಐಟಿಐ ಮತ್ತು ಪಾಲಿಟೆಕ್ನಿಕ್ ಅರ್ಜಿಯ ಕೊನೆಯ ದಿನ ವಿಚಾರಿಸಿ. ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಹಾಸ್ಟೆಲಿಗೂ ವಿದ್ಯಾರ್ಥಿವೇತನಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕು, ಒಂದು ಹಾಕಿದರೆ ಇನ್ನೊಂದು ತಾನಾಗಿ ಬರುವುದಿಲ್ಲ.